ವಿಮಾನ ನಿಲ್ದಾಣದ ಹೊಸ ತಪಾಸಣಾ ಯಂತ್ರ: ದೇಹಕ್ಕೆ ಹಾನಿಯೇ? ಇಷ್ಟಲಿಂಗಧಾರಿಗಳು ಏನು ಮಾಡಬೇಕು?

ಹಲಸೂರಿನ ನನ್ನ ಚಿಕಿತ್ಸಾಲಯಕ್ಕೆ ಕಳೆದ ತಿಂಗಳು ಕೃಷ್ಣರಾಜಪುರದಿಂದ ಹಿರಿಯ ತಾಯಿಯೊಬ್ಬರು ಬಂದಿದ್ದರು. ಸಂಧಿವಾತಕ್ಕೆ ಹಲವು ವರ್ಷಗಳಿಂದ ಔಷಧ ಪಡೆಯುತ್ತಿರುವವರು. ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಲೋಹದ ಕೀಲನ್ನು ಅಳವಡಿಸಲಾಗಿದೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೊರಟಿದ್ದ ಅವರು ಔಷಧಗಳ ಪಟ್ಟಿಯನ್ನು ಬರೆಸಿಕೊಂಡ ಮೇಲೂ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಡಾಕ್ಟರೇ, ಏರ್‌ಪೋರ್ಟಿನಲ್ಲಿ ಹೊಸ ಮಿಷನ್ ಬರುತ್ತಂತೆ. ಅದರೊಳಗೆ ಕೈ ಎತ್ತಿ ನಿಲ್ಲಬೇಕಂತೆ. ಮೈಗೆಲ್ಲ ಕಿರಣ ಬೀಳುತ್ತಂತೆ, ಬಟ್ಟೆಯೊಳಗಿನದೂ ಕಾಣುತ್ತಂತೆ. ಹೌದೇ? ಕೊರಳಲ್ಲಿರುವ ಲಿಂಗ ತೆಗೆದಿಡಿ ಅಂದರೆ ನಾನೇನು ಮಾಡಲಿ?”

ಈ ಪ್ರಶ್ನೆಗೆ ಅವಸರದ ಉತ್ತರ ಕೊಡಬಾರದೆಂಬುದನ್ನು ನಾನು ಒಂದು ತಪ್ಪಿನಿಂದ ಕಲಿತಿದ್ದೇನೆ. ಸುಮಾರು ಹತ್ತು ವರ್ಷಗಳ ಹಿಂದೆ ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡಿದ್ದ ತಾಯಿಯೊಬ್ಬರು ವಿದೇಶದಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದರು. ಅಲ್ಲಿನ ತಪಾಸಣಾ ಯಂತ್ರದ ವಿಷಯವಾಗಿ ಕೇಳಿದಾಗ, ‘ಅದು ಎಕ್ಸ್-ರೇ ಯಂತ್ರ, ನಿಮ್ಮ ಸ್ಥಿತಿಯಲ್ಲಿ ಹೋಗದಿರುವುದೇ ಕ್ಷೇಮ’ ಎಂದುಬಿಟ್ಟೆ. ಅವರು ಟಿಕೆಟ್ ರದ್ದು ಮಾಡಿಸಿದರು. ಮೊದಲ ಬಾಣಂತನದಲ್ಲಿ ಆ ಮಗಳ ಬಳಿ ತಾಯಿ ಇರಲಿಲ್ಲ. ಆ ವೇಳೆಗೆ ಆ ದೇಶದ ವಿಮಾನ ನಿಲ್ದಾಣಗಳಿಂದ ಎಕ್ಸ್-ರೇ ಬಳಸುವ ದೇಹ ತಪಾಸಣಾ ಯಂತ್ರಗಳನ್ನು ತೆಗೆದಾಗಿತ್ತು ಎಂಬುದನ್ನು ನಾನು ಅನಂತರ ಓದಿ ತಿಳಿದುಕೊಂಡೆ. ವೈದ್ಯನ ಅರೆತಿಳಿವಳಿಕೆ ಒಂದು ಕುಟುಂಬಕ್ಕೆ ಎಷ್ಟು ನಷ್ಟವುಂಟುಮಾಡಬಲ್ಲದೆಂಬುದನ್ನು ನೆನೆದಾಗಲೆಲ್ಲ ಮನಸ್ಸು ಕುಗ್ಗುತ್ತದೆ. ಆದುದರಿಂದ ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಈ ಹೊಸ ಯಂತ್ರಗಳ ಸ್ವರೂಪವನ್ನು, ಅವುಗಳನ್ನು ಯಾರು ಹೇಗೆ ಪರೀಕ್ಷಿಸುತ್ತಾರೆಂಬುದನ್ನು, ಭಕ್ತರು ವಹಿಸಬೇಕಾದ ಎಚ್ಚರವನ್ನು ಕ್ರಮವಾಗಿ ನಿವೇದಿಸುತ್ತೇನೆ.

ಸರ್ಕಾರ ಮತ್ತು ಉದ್ಯಮದ ಕೂಡುಕೆಲಸ

ಬೆಂಗಳೂರಿನ ಪೂರ್ವಭಾಗದವರಿಗೆ ವಿಮಾನ ಹೊಸದಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದ್ದು ಇಲ್ಲಿಯೇ. ಮರುವರ್ಷ ಭಾರತ ಸರ್ಕಾರವೂ ಅದರಲ್ಲಿ ಪಾಲುದಾರನಾಯಿತು. ಆ ಸಂಸ್ಥೆಯ ಓಡುದಾರಿಯೇ ಮುಂದೆ ನಾವೆಲ್ಲ ಬಳಸಿದ ಹಳೆಯ ವಿಮಾನ ನಿಲ್ದಾಣವಾಯಿತು. ಇಂದಿರಾನಗರದ ಮನೆಗಳ ಮೇಲೆ ವಿಮಾನಗಳು ಹಾದುಹೋಗುವಾಗ ಮಾತು ನಿಲ್ಲಿಸಿ ಕಾಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು.

2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಆರಂಭವಾದಾಗ ಪ್ರಯಾಣಿಕರ ವಿಮಾನಗಳು ಅಲ್ಲಿಗೆ ಸ್ಥಳಾಂತರಗೊಂಡವು. ಈಗ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೆಂದು ಹೆಸರಾಗಿರುವ ಅದೂ ಸರ್ಕಾರ ಮತ್ತು ಖಾಸಗಿಯವರ ಕೂಡುಕೆಲಸವೇ. ಅದನ್ನು ಕಟ್ಟಿದ ಸಂಸ್ಥೆಯಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೂ ಕರ್ನಾಟಕ ಸರ್ಕಾರದ ಕೈಗಾರಿಕಾ ನಿಗಮಕ್ಕೂ ತಲಾ ಶೇಕಡಾ 13ರಷ್ಟು ಪಾಲು, ಉಳಿದದ್ದು ಖಾಸಗಿ ಹೂಡಿಕೆದಾರರದು. 2022ರ ನವೆಂಬರಿನಲ್ಲಿ ಅಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಗೊಂಡಿತು. 2023ರ ಕೊನೆಯ ಭಾಗದಲ್ಲಿ, ಇಡೀ ದೇಹವನ್ನು ತಪಾಸಿಸುವ ಸ್ಕ್ಯಾನರನ್ನೂ ಬ್ಯಾಗುಗಳಿಗೆ ಸಿ.ಟಿ. ಸ್ಕ್ಯಾನ್ ಮಾದರಿಯ ಯಂತ್ರವನ್ನೂ ಆ ಟರ್ಮಿನಲ್‌ನಲ್ಲಿ ಪ್ರಯೋಗಾರ್ಥವಾಗಿ ಬಳಸುವ ಯೋಜನೆ ಪ್ರಕಟವಾಯಿತು. ನಮ್ಮ ಭಕ್ತರಲ್ಲಿ ಹರಡಿರುವ ಮಾತುಗಳಿಗೆ ಮೂಲ ಈ ಸುದ್ದಿಯೇ.

ಹಳೆಯ ಚೌಕಟ್ಟು ಸಾಲದೇ?

ಈಗ ನಾವು ದಾಟುವ ಬಾಗಿಲಿನಂಥ ಚೌಕಟ್ಟು ಲೋಹಶೋಧಕ. ಅದರ ಎರಡು ಪಕ್ಕಗಳಲ್ಲಿ ತಂತಿಯ ಸುರುಳಿಗಳಿರುತ್ತವೆ. ಅವು ದುರ್ಬಲವಾದ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಮೈಮೇಲೆ ಲೋಹವಿದ್ದರೆ ಅದರಲ್ಲಿ ಕ್ಷಣಮಾತ್ರ ವಿದ್ಯುತ್ ಹರಿಯುತ್ತದೆ, ಕಾಂತಕ್ಷೇತ್ರದಲ್ಲಿ ವ್ಯತ್ಯಾಸವಾಗುತ್ತದೆ, ಯಂತ್ರ ಸದ್ದು ಮಾಡುತ್ತದೆ. ಸಿಬ್ಬಂದಿಯ ಕೈಯಲ್ಲಿರುವ ಕೋಲಿನಂಥ ಸಾಧನದ ತತ್ತ್ವವೂ ಇದೇ. ಇವುಗಳಲ್ಲಿ ಎಕ್ಸ್-ರೇ ಇಲ್ಲ.

ಇದರ ಮಿತಿಯೆಂದರೆ ಲೋಹವಲ್ಲದ್ದು ಇದಕ್ಕೆ ತಿಳಿಯದು. 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಒಬ್ಬ ವ್ಯಕ್ತಿ ಒಳ ಉಡುಪಿನಲ್ಲಿ ಸ್ಫೋಟಕ ಪುಡಿಯನ್ನು ಅಡಗಿಸಿ ಒಯ್ದಿದ್ದ. ಅದು ಸರಿಯಾಗಿ ಸಿಡಿಯದ ಕಾರಣ ನೂರಾರು ಜೀವಗಳು ಉಳಿದವು. ಲೋಹಶೋಧಕಕ್ಕೆ ಆ ಪುಡಿ ಕಂಡಿರಲಿಲ್ಲ. ಅಲ್ಲಿಂದ ಜಗತ್ತಿನ ಹಲವು ದೇಶಗಳು ಇಡೀ ದೇಹವನ್ನು ತಪಾಸಿಸುವ ಯಂತ್ರಗಳತ್ತ ತಿರುಗಿದವು. ಭಾರತದಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2019ರ ಏಪ್ರಿಲಿನಲ್ಲಿ 84 ವಿಮಾನ ನಿಲ್ದಾಣಗಳಿಗೆ ಇಂಥ ಸ್ಕ್ಯಾನರುಗಳನ್ನು ಅಳವಡಿಸುವಂತೆ ಸೂಚಿಸಿತು. ಮರುವರ್ಷ ಕೋವಿಡ್ ಬಂದು ವಿಮಾನಯಾನವೇ ಸ್ತಬ್ಧವಾಯಿತು.

ಮಿಲಿಮೀಟರ್ ತರಂಗ ಎಂದರೇನು?

ದೇಹ ತಪಾಸಣೆಯ ಸ್ಕ್ಯಾನರುಗಳಲ್ಲಿ ಎರಡು ಜಾತಿ. ಒಂದು ಎಕ್ಸ್-ರೇ ಬಳಸುವುದು, ಇನ್ನೊಂದು ಮಿಲಿಮೀಟರ್ ತರಂಗ ಬಳಸುವುದು. ಎರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ನಾನು ತಪ್ಪಿದ್ದು. ಭಾರತದ ಭದ್ರತಾ ಬ್ಯೂರೋ ಒಪ್ಪಿರುವುದು ಮಿಲಿಮೀಟರ್ ತರಂಗದ ಯಂತ್ರವನ್ನು.

ಮಿಲಿಮೀಟರ್ ತರಂಗವು ರೇಡಿಯೊ ಅಲೆಯ ಕುಲಕ್ಕೆ ಸೇರಿದ್ದು. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಅಂತರ ಕೆಲವೇ ಮಿಲಿಮೀಟರ್ ಇರುವುದರಿಂದ ಆ ಹೆಸರು. ಇದೂ ನಮ್ಮ ನಾಡಿಗೆ ಅಪರಿಚಿತವಲ್ಲ. ಜಗದೀಶಚಂದ್ರ ಬೋಸರು 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಇಂಥ ಅಲೆಗಳನ್ನು ಉತ್ಪಾದಿಸಿ ಪ್ರಯೋಗ ನಡೆಸಿದ್ದರು. ಅಲೆಯನ್ನು ಕಳುಹಿಸಿ, ತಿರುಗಿ ಬಂದುದನ್ನು ಗ್ರಹಿಸಿ, ವಸ್ತು ಎಲ್ಲಿದೆಯೆಂದು ತಿಳಿಯುವ ವಿದ್ಯೆಗೆ ರೇಡಾರ್ ಎನ್ನುತ್ತೇವೆ. ದೇಶದ ರಕ್ಷಣೆಗೆ ರೇಡಾರುಗಳನ್ನು ರೂಪಿಸುವ ಸರ್ಕಾರಿ ಪ್ರಯೋಗಾಲಯ ನಮ್ಮ ಸಿ.ವಿ. ರಾಮನ್ ನಗರದಲ್ಲಿಯೇ ಇದೆ. ವಿಮಾನ ನಿಲ್ದಾಣದ ಸ್ಕ್ಯಾನರನ್ನು ಅತಿ ಸಮೀಪದಿಂದ ನೋಡುವ ಪುಟ್ಟ ರೇಡಾರ್ ಎಂದು ಭಾವಿಸಬಹುದು.

ಈ ಅಲೆಗಳು ಬಟ್ಟೆಯನ್ನು ದಾಟುತ್ತವೆ. ಚರ್ಮವನ್ನು ಮುಟ್ಟಿದಾಗ ಗಣನೀಯ ಪಾಲು ಹಿಂದಿರುಗುತ್ತದೆ. ಉಳಿದವು ಚರ್ಮದ ಹೊರಪದರದಲ್ಲಿಯೇ, ಸುಮಾರು ಒಂದು ಮಿಲಿಮೀಟರಿನೊಳಗೆ, ಹೀರಲ್ಪಡುತ್ತವೆ. ಹೃದಯ, ಯಕೃತ್ತು, ಗರ್ಭಾಶಯ ಮೊದಲಾದ ಒಳಗಿನ ಅಂಗಗಳನ್ನು ಅವು ತಲುಪುವುದಿಲ್ಲ. ಬಟ್ಟೆ ಮತ್ತು ಚರ್ಮದ ನಡುವೆ ಬೇರೆ ವಸ್ತುವಿದ್ದರೆ ತಿರುಗಿ ಬರುವ ಅಲೆಯಲ್ಲಿ ವ್ಯತ್ಯಾಸ ಕಾಣುತ್ತದೆ. ವಸ್ತು ಲೋಹವೇ ಆಗಿರಬೇಕೆಂದಿಲ್ಲ. ಪ್ಲಾಸ್ಟಿಕ್, ಕಲ್ಲು, ಪುಡಿ, ಕಾಗದದ ಕಟ್ಟು ಎಲ್ಲವೂ ತಿಳಿಯುತ್ತವೆ. ಕೈಯೆತ್ತಿ ನಿಂತ ಕೆಲವೇ ಸೆಕೆಂಡುಗಳಲ್ಲಿ ಈ ಕಾರ್ಯ ಮುಗಿಯುತ್ತದೆ.

ದೇಹಕ್ಕೆ ಹಾನಿಯೇ?

ವಿಕಿರಣವೆಂದರೆ ವಿಷವೆಂಬ ಭಾವನೆ ಜನರಲ್ಲಿದೆ. ಸೂರ್ಯನ ಬೆಳಕೂ ವಿಕಿರಣವೇ, ಒಲೆಯ ಶಾಖವೂ ವಿಕಿರಣವೇ. ಕೇಳಬೇಕಾದ ಪ್ರಶ್ನೆ ಎರಡು: ಅದು ಯಾವ ಬಗೆಯದು? ಪ್ರಮಾಣವೆಷ್ಟು? ಎಕ್ಸ್-ರೇಯಂಥ ಕಿರಣಗಳಿಗೆ ಜೀವಕೋಶದೊಳಗಿನ ಅಣುಗಳನ್ನು ಒಡೆಯುವ ಶಕ್ತಿಯಿದೆ. ಪ್ರಮಾಣ ಹೆಚ್ಚಾದಂತೆ ಕಾಲಾಂತರದಲ್ಲಿ ಅರ್ಬುದರೋಗದ ಸಾಧ್ಯತೆಯೂ ಹೆಚ್ಚುತ್ತದೆ. ಮಿಲಿಮೀಟರ್ ತರಂಗಕ್ಕೆ ಆ ಶಕ್ತಿಯಿಲ್ಲ. ನಾವು ಕಣ್ಣಿನಿಂದ ನೋಡುವ ಬೆಳಕಿನ ಒಂದೊಂದು ಕಣದ ಶಕ್ತಿ ಮಿಲಿಮೀಟರ್ ತರಂಗದ ಕಣದ ಶಕ್ತಿಗಿಂತ ಸಾವಿರಾರು ಪಟ್ಟು ಹೆಚ್ಚು. ಇಂಥ ಅಲೆಗಳು ಅತಿ ಹೆಚ್ಚು ಪ್ರಮಾಣದಲ್ಲಿ ಬಿದ್ದರೆ ಚರ್ಮ ಬಿಸಿಯಾಗಬಹುದು. ಸ್ಕ್ಯಾನರ್ ಹೊರಸೂಸುವ ಪ್ರಮಾಣವಾದರೋ ನಾವು ಕಿವಿಗೆ ಹಿಡಿಯುವ ಮೊಬೈಲ್ ಫೋನಿನದಕ್ಕಿಂತ ಎಷ್ಟೋ ಕಡಿಮೆ.

ಹಿಂದೆ ಬಳಕೆಯಲ್ಲಿದ್ದ ಎಕ್ಸ್-ರೇ ಸ್ಕ್ಯಾನರುಗಳ ಲೆಕ್ಕವನ್ನೂ ನೋಡೋಣ. ದೇಹ ಪಡೆಯುವ ವಿಕಿರಣವನ್ನು ಮೈಕ್ರೊಸೀವರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ತಪಾಸಣೆಯಲ್ಲಿ ಸಿಗುತ್ತಿದ್ದುದು ಸುಮಾರು 0.1 ಮೈಕ್ರೊಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶಗಳಿಂದ ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ಸಹಜವಾಗಿ ಬರುವುದು ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2,400. ವಿಮಾನ ಎತ್ತರದಲ್ಲಿ ಹಾರುವಾಗ ಅಂತರಿಕ್ಷದ ಕಿರಣಗಳಿಂದ ಗಂಟೆಗೆ ಸರಿಸುಮಾರು 3ರಿಂದ 6 ಮೈಕ್ರೊಸೀವರ್ಟ್ ಸಿಗುತ್ತದೆ. 2021ರ ಜನವರಿಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಆರಂಭವಾದ ನೇರ ವಿಮಾನದಂತೆ ಹದಿನಾರು ಗಂಟೆಗೂ ಮೀರಿದ ಪ್ರಯಾಣವಾದರೆ ಇದು 50ರಿಂದ 100ರ ಆಸುಪಾಸು. ಎದೆಯ ಒಂದು ಎಕ್ಸ್-ರೇ ತೆಗೆಸಿದಷ್ಟೇ ಎನ್ನಬಹುದು. ಅಂದರೆ ಆ ಹಳೆಯ ಯಂತ್ರದಲ್ಲಿ ಐನೂರು ಬಾರಿ ನಿಂತರೂ ಒಂದು ದೀರ್ಘ ಪ್ರಯಾಣಕ್ಕಿಂತ ಹೆಚ್ಚಾಗದು. ಮಿಲಿಮೀಟರ್ ತರಂಗದ ಹೊಸ ಯಂತ್ರದಲ್ಲಿ ಈ ಬಗೆಯ ವಿಕಿರಣ ಸೊನ್ನೆ.

ಹಾಗಿದ್ದರೂ ಐರೋಪ್ಯ ಒಕ್ಕೂಟವು 2011ರಲ್ಲಿ ಎಕ್ಸ್-ರೇ ದೇಹ ಸ್ಕ್ಯಾನರುಗಳಿಗೆ ಅವಕಾಶ ಕೊಡಲಿಲ್ಲ. ಕಡಿಮೆ ಅಪಾಯದ ಇನ್ನೊಂದು ಮಾರ್ಗವಿರುವಾಗ ಅಲ್ಪ ಅಪಾಯವನ್ನೂ ಏಕೆ ಒಪ್ಪಬೇಕೆಂಬುದು ಅವರ ವಿವೇಕ. ಅಮೆರಿಕ ಅವುಗಳನ್ನು 2013ರಲ್ಲಿ ತೆಗೆಯಿತು. ಅಲ್ಲಿ ಕಾರಣ ಬೇರೆ: ಆ ಯಂತ್ರಗಳು ಬಟ್ಟೆಯೊಳಗಿನ ದೇಹದ ಆಕೃತಿಯನ್ನೇ ಪರದೆಯ ಮೇಲೆ ತೋರಿಸುತ್ತಿದ್ದವು. ಅದನ್ನು ಮರೆಮಾಡುವ ತಂತ್ರಾಂಶವನ್ನು ತಯಾರಕರು ಗಡುವಿನೊಳಗೆ ಒದಗಿಸಲಾಗಲಿಲ್ಲ. ಈಗಿನ ಮಿಲಿಮೀಟರ್ ತರಂಗದ ಯಂತ್ರಗಳಲ್ಲಿ ಗಣಕವೇ ಚಿತ್ರವನ್ನು ಪರಿಶೀಲಿಸುತ್ತದೆ. ಸಿಬ್ಬಂದಿಗೆ ಕಾಣುವುದು ಎಲ್ಲರಿಗೂ ಒಂದೇ ಆಗಿರುವ ಗೊಂಬೆಯಂಥ ರೇಖಾಚಿತ್ರ, ಅನುಮಾನವಿರುವ ಜಾಗದಲ್ಲಿ ಒಂದು ಗುರುತು. ಆ ತಾಯಿಯ ‘ಮೈಯೆಲ್ಲ ಕಾಣುತ್ತಂತೆ’ ಎಂಬ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಜನರು ಆಕ್ಷೇಪಿಸಿದ್ದರಿಂದಲೇ ಯಂತ್ರ ಸುಧಾರಿಸಿತು ಎಂಬುದನ್ನು ನೆನಪಿಡಬೇಕು.

ಚಿಕಿತ್ಸೆಗೆ ನಾಲ್ಕು ಪಾದ, ಪರೀಕ್ಷೆಗೂ ನಾಲ್ಕು

ಹೊಸ ಯಂತ್ರವನ್ನು ಪ್ರಯೋಗಕ್ಕೆ ಒಡ್ಡುವಾಗ ಭದ್ರತಾ ಬ್ಯೂರೋ ಗುಣಮಟ್ಟವನ್ನು ನಿಗದಿಪಡಿಸುತ್ತದೆ. ತಯಾರಕ ಸಂಸ್ಥೆ ಯಂತ್ರವನ್ನು ಒದಗಿಸುತ್ತದೆ. ನಿಲ್ದಾಣದ ಆಡಳಿತ ಸ್ಥಳ ಮತ್ತು ವ್ಯವಸ್ಥೆ ಕಲ್ಪಿಸುತ್ತದೆ. ಪ್ರಯಾಣಿಕರನ್ನು ತಪಾಸಿಸುವವರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು. ಈ ಸಹಭಾಗಿತ್ವ ಅಗತ್ಯವಾದದ್ದು. ಪ್ರಯೋಗಾಲಯದಲ್ಲಿ ಸರಿಯಾಗಿ ಕೆಲಸ ಮಾಡಿದ ಯಂತ್ರವು ಸಾವಿರಾರು ಜನರ ಸಾಲಿನ ಮುಂದೆ ಹಾಗೆಯೇ ಕೆಲಸ ಮಾಡೀತೆಂದು ಹೇಳಲಾಗದು.

ಜರ್ಮನಿಯ ಹ್ಯಾಂಬರ್ಗ್ ನಿಲ್ದಾಣದ ಉದಾಹರಣೆ ಇಲ್ಲಿ ಉಪಯುಕ್ತ. 2010ರ ಸೆಪ್ಟೆಂಬರಿನಿಂದ 2011ರ ಜುಲೈವರೆಗೆ ಅಲ್ಲಿ ಮಿಲಿಮೀಟರ್ ತರಂಗದ ಸ್ಕ್ಯಾನರುಗಳನ್ನು ಸುಮಾರು ಎಂಟು ಲಕ್ಷ ಪ್ರಯಾಣಿಕರ ಮೇಲೆ ಪ್ರಯೋಗಿಸಿದರು. ಬಟ್ಟೆಯ ಮಡಿಕೆ, ಬೆವರು ಮುಂತಾದವನ್ನೂ ಯಂತ್ರ ಅನುಮಾನದ ವಸ್ತುವೆಂದು ತೋರಿಸತೊಡಗಿತು. ಸುಳ್ಳು ಎಚ್ಚರಿಕೆಗಳು ವಿಪರೀತವಾದುದರಿಂದ ಸರ್ಕಾರ ಆಗ ಯಂತ್ರಗಳನ್ನು ಅಳವಡಿಸದೆ ತಡೆಹಿಡಿಯಿತು. ಇದನ್ನು ನಾನು ಪ್ರಯೋಗದ ಸೋಲೆಂದು ತಿಳಿಯುವುದಿಲ್ಲ. ಬೇಡವೆಂದು ಹೇಳುವ ಸ್ವಾತಂತ್ರ್ಯವಿದ್ದಾಗಲೇ ಪರೀಕ್ಷೆಗೆ ಅರ್ಥವಿರುತ್ತದೆ.

ಅಂಗಿ ಪ್ಯಾಂಟಿನ ಮಡಿಕೆಗಳಿಗೇ ಹೀಗಾದರೆ ಸೀರೆಯ ನೆರಿಗೆ, ಸೆರಗಿನ ಪಿನ್ನು, ತುರುಬು, ಪಂಚೆಯ ಗಂಟು, ರುಮಾಲುಗಳನ್ನು ನಮ್ಮಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊರಳಲ್ಲಿ ಇಷ್ಟಲಿಂಗ ಧರಿಸಿದವರೂ, ಮಂಡಿಗೆ ಲೋಹವಿರುವವರೂ, ಕೈಯನ್ನು ಭುಜಕ್ಕಿಂತ ಮೇಲೆ ಎತ್ತಲಾಗದ ವೃದ್ಧರೂ ಪ್ರಯೋಗದ ಲೆಕ್ಕದಲ್ಲಿ ಸೇರಬೇಕು. ಇಲ್ಲವಾದರೆ ಪರೀಕ್ಷೆ ಅರ್ಧವೇ.

ಆಯುರ್ವೇದದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಚರಕಸಂಹಿತೆ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದು ಕಾಲು ಮುರಿದರೂ ಮಂಚ ನಿಲ್ಲದು. ನಿಲ್ದಾಣದ ಭದ್ರತೆಗೂ ಇದನ್ನು ಹೊಂದಿಸಿ ನೋಡಬಹುದು. ನಿಯಮ ರೂಪಿಸುವ ಸರ್ಕಾರ ವೈದ್ಯನ ಸ್ಥಾನದಲ್ಲಿದೆ, ಉದ್ಯಮ ತಂದ ಯಂತ್ರ ಔಷಧದ ಸ್ಥಾನದಲ್ಲಿ, ತಪಾಸಣೆಯ ಸಿಬ್ಬಂದಿ ಪರಿಚಾರಕರ ಸ್ಥಾನದಲ್ಲಿ. ನಾಲ್ಕನೆಯ ಪಾದ ಪ್ರಯಾಣಿಕ. ಸರ್ಕಾರ ಮತ್ತು ಉದ್ಯಮಗಳು ಕೈಜೋಡಿಸಿದಾಗ ಈ ನಾಲ್ಕನೆಯ ಪಾದವನ್ನು ಮರೆಯುವ ಸಂಭವವಿರುತ್ತದೆ. ಉದ್ಯಮಕ್ಕೆ ಯಂತ್ರ ಮಾರಾಟವಾಗಬೇಕು, ಆಡಳಿತಕ್ಕೆ ಸಾಲು ಬೇಗ ಕರಗಬೇಕು, ಸರ್ಕಾರಕ್ಕೆ ಅಪಾಯ ತಪ್ಪಬೇಕು. ಇವೆಲ್ಲವೂ ನ್ಯಾಯವಾದ ಅಪೇಕ್ಷೆಗಳೇ. ಪ್ರಯಾಣಿಕನ ಮಾನ ಮತ್ತು ನೆಮ್ಮದಿ ಹೇಗಿದೆಯೆಂದು ಹೇಳಬೇಕಾದವನು ಪ್ರಯಾಣಿಕನೇ.

ರೋಗಿಗೆ ಇರಬೇಕಾದ ನಾಲ್ಕು ಗುಣಗಳನ್ನೂ ಚರಕರು ಹೇಳಿದ್ದಾರೆ: ಸ್ಮೃತಿ, ಹೇಳಿದಂತೆ ನಡೆಯುವುದು, ಅಭೀರುತ್ವ, ಜ್ಞಾಪಕತ್ವ. ಅಭೀರುತ್ವವೆಂದರೆ ಹೆದರದಿರುವುದು. ಜ್ಞಾಪಕತ್ವವೆಂದರೆ ತನ್ನ ಸ್ಥಿತಿಯನ್ನು ತಾನೇ ಸ್ಪಷ್ಟವಾಗಿ ತಿಳಿಸುವುದು. ವಿಮಾನ ನಿಲ್ದಾಣದಲ್ಲಿ ಭಕ್ತರಿಗೆ ಬೇಕಾದದ್ದು ಮುಖ್ಯವಾಗಿ ಈ ಎರಡು.

ಇಷ್ಟಲಿಂಗಧಾರಿಗಳಿಗೆ

ದೀಕ್ಷೆ ಪಡೆದವರಿಗೆ ಇಷ್ಟಲಿಂಗವು ಅಂಗದಿಂದ ಅಗಲಬಾರದ್ದು. ಅದನ್ನು ಬಿಚ್ಚಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಪಾದರಕ್ಷೆ, ಸೊಂಟಪಟ್ಟಿಗಳೊಂದಿಗೆ ಇರಿಸಲು ಯಾವ ಭಕ್ತರ ಮನಸ್ಸೂ ಒಪ್ಪದು. ಭಯಕ್ಕೆ ಒಳಗಾಗಿ ಹಾಗೆ ಮಾಡಿ, ಅನಂತರ ಊಟವೂ ಸೇರದೆ ಕೊರಗಿದವರನ್ನು ನಾನು ನೋಡಿದ್ದೇನೆ. ಇದು ಶ್ರದ್ಧೆಯ ವಿಷಯವಾದರೂ ಆರೋಗ್ಯದ ವಿಷಯವೂ ಹೌದು. ದೀರ್ಘ ಪ್ರಯಾಣದ ಮೊದಲ ಗಂಟೆಯಲ್ಲಿಯೇ ಮನಸ್ಸು ಕಲಕಿದರೆ ರಕ್ತದೊತ್ತಡ, ನಿದ್ರೆ, ಜೀರ್ಣಶಕ್ತಿ ಎಲ್ಲವೂ ಕೆಡುತ್ತವೆ.

ಯಂತ್ರದ ದೃಷ್ಟಿಯಿಂದ ಆಗುವುದಿಷ್ಟು. ಬೆಳ್ಳಿಯ ಕರಡಿಗೆ ಲೋಹವಾದುದರಿಂದ ಲೋಹಶೋಧಕದಲ್ಲಿ ಸದ್ದಾಗಬಹುದು. ಕರಡಿಗೆಯ ಬದಲು ಶುಭ್ರವಾದ ವಸ್ತ್ರದಲ್ಲಿ ಕಟ್ಟಿಕೊಂಡರೆ ಆ ಸದ್ದು ತಪ್ಪುವ ಸಂಭವವಿದೆ. ಆದರೆ ಮಿಲಿಮೀಟರ್ ತರಂಗದ ಸ್ಕ್ಯಾನರಿಗೆ ಕಲ್ಲೂ ಕಾಣುವುದರಿಂದ ಎದೆಯ ಭಾಗದಲ್ಲಿ ಗುರುತು ಬರುವುದನ್ನು ನಿರೀಕ್ಷಿಸಬೇಕು. ಗುರುತು ಬಂದಿತೆಂದರೆ ಅಪರಾಧವಾಯಿತೆಂದು ಅರ್ಥವಲ್ಲ. ಅಲ್ಲಿ ಏನಿದೆಯೆಂದು ಸಿಬ್ಬಂದಿ ಕೇಳುತ್ತಾರೆ, ಅಷ್ಟೇ.

ನನ್ನ ಸಲಹೆ ಇದು. ಸಾಲಿನಲ್ಲಿ ನಿಮ್ಮ ಸರದಿ ಬರುವ ಮೊದಲೇ, ಸದ್ದಾಗುವವರೆಗೆ ಕಾಯದೆ, ‘ನಾನು ಇಷ್ಟಲಿಂಗ ಧರಿಸಿದ್ದೇನೆ, ಇದನ್ನು ಮೈಯಿಂದ ಅಗಲಿಸುವಂತಿಲ್ಲ, ಪ್ರತ್ಯೇಕವಾಗಿ ಪರಿಶೀಲಿಸಿ’ ಎಂದು ಮೆಲುದನಿಯಲ್ಲಿ ತಿಳಿಸಿರಿ. ಸಿಬ್ಬಂದಿ ದೇಶದ ನಾನಾ ಭಾಗದವರು. ಅನೇಕರು ಇಷ್ಟಲಿಂಗವನ್ನು ಕಂಡಿರುವುದಿಲ್ಲ. ಆದುದರಿಂದ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಸಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ತ್ರೀಯರನ್ನು ಪರದೆಯ ಮರೆಯಲ್ಲಿ ಸ್ತ್ರೀ ಸಿಬ್ಬಂದಿಯೇ ತಪಾಸಿಸುವ ಪದ್ಧತಿ ನಮ್ಮ ನಿಲ್ದಾಣಗಳಲ್ಲಿದೆ. ಪುರುಷರೂ ಮರೆಯಾದ ಜಾಗದಲ್ಲಿ ಪರಿಶೀಲಿಸುವಂತೆ ಕೇಳಿಕೊಳ್ಳಬಹುದು. ಕರಡಿಗೆಯನ್ನು ತೆರೆದು ತೋರಿಸಬೇಕಾಗಿ ಬಂದರೆ ನೀವೇ ನಿಮ್ಮ ಕೈಯಿಂದ, ಶಿವದಾರ ಕೊರಳಲ್ಲಿರುವಂತೆಯೇ, ತೆರೆಯಲು ಅವಕಾಶ ಬೇಡಿರಿ. ಅಂತಿಮ ನಿರ್ಧಾರ ಸಿಬ್ಬಂದಿಯದು. ಅವರದೂ ಕಾಯಕವೇ. ನೂರಾರು ಜೀವಗಳ ಹೊಣೆ ಹೊತ್ತವರೊಡನೆ ವಾದಕ್ಕಿಳಿಯದೆ ವಿನಯದಿಂದ ವಿವರಿಸಿದರೆ ಹೆಚ್ಚಿನವರು ಸಹಕರಿಸುತ್ತಾರೆ. ಅನಿವಾರ್ಯ ಸಂದರ್ಭದಲ್ಲಿ ಆಚಾರದ ದೃಷ್ಟಿಯಿಂದ ಹೇಗೆ ನಡೆಯಬೇಕೆಂಬುದನ್ನು ಹೊರಡುವ ಮುನ್ನವೇ ಶ್ರೀಮಠದಲ್ಲಿ ಗುರುಗಳನ್ನು ಕೇಳಿ ತಿಳಿಯಿರಿ. ಅದು ನನ್ನ ಅಧಿಕಾರದ ವಿಷಯವಲ್ಲ.

ರೋಗಿಗಳು ಗಮನಿಸಬೇಕಾದುದು

ಪೇಸ್‌ಮೇಕರ್ ಇರುವವರು ಲೋಹಶೋಧಕ ಚೌಕಟ್ಟನ್ನು ನಿಲ್ಲದೆ ಸಾಮಾನ್ಯ ನಡಿಗೆಯಲ್ಲಿ ದಾಟಬಹುದು. ಅದಕ್ಕೆ ಒರಗಿ ನಿಲ್ಲಬಾರದು. ಕೈಯಲ್ಲಿ ಹಿಡಿಯುವ ಶೋಧಕವನ್ನು ಸಾಧನದ ಮೇಲೆ ಹೆಚ್ಚು ಹೊತ್ತು ಹಿಡಿಯದಂತೆ ವಿನಂತಿಸಬೇಕು. ಆಸ್ಪತ್ರೆಯವರು ಕೊಟ್ಟ ಗುರುತಿನ ಚೀಟಿ ಜೊತೆಯಲ್ಲಿರಲಿ. ಮಿಲಿಮೀಟರ್ ತರಂಗಗಳು ಚರ್ಮದಡಿಯ ಪೇಸ್‌ಮೇಕರನ್ನು ತಲುಪುವಷ್ಟು ಆಳಕ್ಕೆ ಇಳಿಯುವುದಿಲ್ಲ.

ಮಧುಮೇಹಿಗಳು ಧರಿಸುವ ಇನ್ಸುಲಿನ್ ಪಂಪು ಮತ್ತು ಸಕ್ಕರೆಯ ಪ್ರಮಾಣವನ್ನು ಸತತವಾಗಿ ಅಳೆಯುವ ಸಾಧನಗಳ ವಿಷಯ ಬೇರೆ. ಇವುಗಳಲ್ಲಿ ಕೆಲವನ್ನು ಬ್ಯಾಗಿನ ಎಕ್ಸ್-ರೇ ಯಂತ್ರಕ್ಕಾಗಲಿ ದೇಹದ ಸ್ಕ್ಯಾನರಿಗಾಗಲಿ ಒಡ್ಡಬಾರದೆಂದು ತಯಾರಕರೇ ಹೇಳಿರುತ್ತಾರೆ. ಸಾಧನದ ಜೊತೆ ಬಂದ ಪುಸ್ತಿಕೆಯನ್ನು ಓದಿ, ಅಗತ್ಯವಿದ್ದರೆ ಕೈಯಿಂದ ತಪಾಸಿಸುವಂತೆ ಕೇಳಿರಿ.

ಲೋಹದ ಕೀಲು, ಸರಳು ಅಳವಡಿಸಿಕೊಂಡವರಿಗೆ ಸದ್ದಾಗುವುದು ಸಹಜ. ವೈದ್ಯರ ಪತ್ರವು ತಪಾಸಣೆಯಿಂದ ವಿನಾಯಿತಿ ಕೊಡದು, ವಿವರಿಸಲು ನೆರವಾಗುತ್ತದೆ. ಗರ್ಭಿಣಿಯರಿಗೆ ಲೋಹಶೋಧಕದಿಂದಾಗಲಿ ಮಿಲಿಮೀಟರ್ ತರಂಗದಿಂದಾಗಲಿ ಶಿಶುವಿಗೆ ಹಾನಿಯಾಗುವ ಕಾರಣ ಕಾಣುವುದಿಲ್ಲ. ಆದರೂ ಮನಸ್ಸಿಗೆ ಅಳುಕಿದ್ದರೆ ಕೈಯಿಂದ ಮಾಡುವ ತಪಾಸಣೆಯನ್ನು ಕೇಳಬಹುದು. ಹೆಗಲುನೋವಿನಿಂದ ಕೈಯೆತ್ತಲಾಗದವರು, ಗಾಲಿಕುರ್ಚಿಯಲ್ಲಿರುವವರು ಮೊದಲೇ ತಿಳಿಸಬೇಕು.

ಔಷಧ, ಆಹಾರ, ವಿಭೂತಿ

ಬ್ಯಾಗುಗಳು ಹಾದುಹೋಗುವ ಯಂತ್ರದಲ್ಲಿ ಎಕ್ಸ್-ರೇ ಇದೆ. ಹೊಸ ಯಂತ್ರವು ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಂತೆ ಸುತ್ತಲಿಂದಲೂ ಚಿತ್ರ ತೆಗೆದು ಬ್ಯಾಗಿನ ಒಳಗನ್ನು ಪದರಪದರವಾಗಿ ತೋರಿಸುತ್ತದೆ. ಲ್ಯಾಪ್‌ಟಾಪ್ ಮೊದಲಾದವನ್ನು ಹೊರತೆಗೆಯುವ ಶ್ರಮವನ್ನು ತಪ್ಪಿಸುವುದು ಇದರ ಉದ್ದೇಶಗಳಲ್ಲೊಂದು. ಕಿರಣ ಹೊರಬರದಂತೆ ಯಂತ್ರಕ್ಕೆ ಕವಚವೂ ಸೀಸದ ಪರದೆಯೂ ಇರುತ್ತವೆ. ಬ್ಯಾಗನ್ನು ಎಳೆದುಕೊಳ್ಳಲು ಪರದೆಯೊಳಗೆ ಕೈ ಹಾಕಬಾರದು.

ಎಕ್ಸ್-ರೇ ಹಾಯ್ದ ಚ್ಯವನಪ್ರಾಶವನ್ನು ತಿನ್ನಬಹುದೇ, ಚೂರ್ಣದ ವೀರ್ಯ ಕೆಡುವುದೇ ಎಂದು ಹಲವರು ಕೇಳುತ್ತಾರೆ. ಎಕ್ಸ್-ರೇ ಹಾಯ್ದು ಹೋಗುತ್ತದೆ, ವಸ್ತುವಿನಲ್ಲಿ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ. ಆಹಾರವನ್ನಾಗಲಿ ಔಷಧವನ್ನಾಗಲಿ ನಿಶ್ಚಿಂತೆಯಿಂದ ಸೇವಿಸಬಹುದು.

ಅರಿಷ್ಟ, ಆಸವ, ತೈಲಗಳ ದೊಡ್ಡ ಸೀಸೆಗಳನ್ನು ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಒಂದೊಂದು ಸೀಸೆ 100 ಮಿಲಿಲೀಟರ್ ಮೀರಬಾರದೆಂಬ ನಿಯಮವಿದೆ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಸುಮಾರು 350 ಮಿಲಿಲೀಟರ್ ಡಬ್ಬಿಯಷ್ಟು ಅಥವಾ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಹೆಚ್ಚುವರಿ ತಪಾಸಣೆಗೆ ಒಳಪಡಬಹುದು. ಚೂರ್ಣಗಳೂ ವಿಭೂತಿ ಪುಡಿಯೂ ಇದರಲ್ಲಿ ಸೇರುತ್ತವೆ. ನಿತ್ಯಪೂಜೆಗೆ ಒಂದು ವಿಭೂತಿ ಗಟ್ಟಿಯನ್ನು ಕೈಚೀಲದಲ್ಲಿಟ್ಟುಕೊಂಡು ಉಳಿದದ್ದನ್ನು ದೊಡ್ಡ ಪೆಟ್ಟಿಗೆಗೆ ಹಾಕಿರಿ. ಭಸ್ಮ ಮತ್ತು ರಸೌಷಧಗಳಲ್ಲಿ ಲೋಹಾಂಶವಿರುವುದರಿಂದ ಮೂಲ ಡಬ್ಬಿಯಲ್ಲಿಯೇ, ವೈದ್ಯರ ಚೀಟಿಯೊಂದಿಗೆ, ಪ್ರಯಾಣಕ್ಕೆ ಬೇಕಾದಷ್ಟನ್ನು ಮಾತ್ರ ಒಯ್ಯಿರಿ. ಪುಡಿಯನ್ನು ಹೆಸರಿಲ್ಲದ ಪೊಟ್ಟಣಗಳಲ್ಲಿ ಕಟ್ಟಬೇಡಿರಿ. ಒಣಕೊಬ್ಬರಿಯನ್ನು ಒಯ್ಯಬೇಡಿರಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂಬ ಕಾರಣದಿಂದ ವಿಮಾನಯಾನದಲ್ಲಿ ಅದು ಅಪಾಯಕರ ವಸ್ತುಗಳ ಪಟ್ಟಿಗೆ ಸೇರಿದೆ.

ಮುಖ ನೋಡಿ ಬಾಗಿಲು ತೆರೆಯುವ ವ್ಯವಸ್ಥೆ

ಸರ್ಕಾರ ಮತ್ತು ಉದ್ಯಮ ಕೂಡಿ ತಂದ ಇನ್ನೊಂದು ವ್ಯವಸ್ಥೆ ಡಿಜಿ ಯಾತ್ರಾ. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿಗಳೊಂದಿಗೆ ಬೆಂಗಳೂರಿನಲ್ಲಿಯೂ ಆರಂಭವಾಯಿತು. ಕ್ಯಾಮೆರಾ ಮುಖವನ್ನು ಗುರುತಿಸಿ ಒಳಗೆ ಬಿಡುತ್ತದೆ. ಇದರಿಂದ ದೇಹಕ್ಕೆ ಯಾವ ಪರಿಣಾಮವೂ ಇಲ್ಲ, ಫೋಟೊ ತೆಗೆಸಿಕೊಂಡಂತೆಯೇ. ಇದು ಐಚ್ಛಿಕ. ಮೊಬೈಲಿನಲ್ಲಿ ಇದನ್ನೆಲ್ಲ ನಿಭಾಯಿಸಲಾಗದ ಹಿರಿಯರು ಗುರುತಿನ ಚೀಟಿ ಮತ್ತು ಟಿಕೆಟ್ ತೋರಿಸಿ ಎಂದಿನಂತೆ ಒಳಗೆ ಹೋಗಬಹುದು.

ಕೊನೆಯ ಮಾತು

ಕೃಷ್ಣರಾಜಪುರದ ಆ ತಾಯಿಗೆ ಇಷ್ಟೆಲ್ಲವನ್ನೂ ಹೇಳಿದೆ. “ಇಷ್ಟೊಂದು ನೆನಪಿರುವುದಿಲ್ಲ, ಬರೆದುಕೊಡಿ” ಎಂದರು. ಔಷಧದ ಚೀಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆದುಕೊಟ್ಟೆ: ಯಂತ್ರಕ್ಕೆ ಹೆದರಬೇಡಿ. ಮಂಡಿಯ ಲೋಹವನ್ನೂ ಇಷ್ಟಲಿಂಗವನ್ನೂ ಮೊದಲೇ ತಿಳಿಸಿ. ಪ್ರತ್ಯೇಕ ತಪಾಸಣೆ ಕೇಳಿ. ಒಂದು ಗಂಟೆ ಮುಂಚಿತವಾಗಿಯೇ ಹೊರಡಿ. ಓದುಗರೂ ಇದನ್ನು ಬರೆದಿಟ್ಟುಕೊಳ್ಳಬಹುದು.

ತಪಾಸಣೆಯಲ್ಲಿ ತೊಂದರೆಯಾದರೆ ಸುಮ್ಮನೆ ನುಂಗಿಕೊಂಡು ಬರಬೇಡಿರಿ. ವಿಮಾನ ನಿಲ್ದಾಣದ ಆಡಳಿತಕ್ಕೆ ಲಿಖಿತವಾಗಿ ತಿಳಿಸಿರಿ. ಯಂತ್ರವಿನ್ನೂ ಪ್ರಯೋಗದ ಹಂತದಲ್ಲಿರುವಾಗ ಬಂದ ಒಂದು ಪತ್ರಕ್ಕೆ ಇರುವ ಬೆಲೆ ಎಲ್ಲವೂ ನಿಶ್ಚಯವಾದ ಮೇಲೆ ಬರುವ ನೂರು ಪತ್ರಗಳಿಗೆ ಇರುವುದಿಲ್ಲ. ರೋಗಿ ಬಾಯಿಬಿಟ್ಟು ಹೇಳದಿದ್ದರೆ ಎಂಥ ವೈದ್ಯನೂ ಔಷಧವನ್ನು ಸರಿಪಡಿಸಲಾರ.

ಸರ್ವರ ಪ್ರಯಾಣವೂ ಸುಖಕರವಾಗಲಿ.